ನಮ್ಮ ಮಾತಿನಲ್ಲಿ ನೀರು ಕೇಳಿದವನು

೧೮೬೩, ಮೇ ೧೧

ಮಿಷನ್ ಶಾಲೆಯ ಬಿಳಿಯ ಟೀಚರಮ್ಮ ಊರು ಬಿಟ್ಟು ಹೋಗುವಾಗ ಕೊಟ್ಟ ನೋಟುಬುಕ್ಕು ಇದು. ಎರಡು ವರ್ಷದಿಂದ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು. ಉತ್ತರದ ಬಿಳಿಯರಿಗೂ ದಕ್ಷಿಣದ ಬಿಳಿಯರಿಗೂ ನಡೆದಿರುವ ಈ ಯುದ್ಧ ಮುಗಿದ ಮೇಲೆ ಬರೆಯೋಣವೆಂದು ಎತ್ತಿಟ್ಟಿದ್ದೆ. ಅದು ಮುಗಿಯುವ ಲಕ್ಷಣ ಕಾಣುವುದಿಲ್ಲ.

ಬೆಳಿಗ್ಗೆ ಕಿಯಾಮಿಷಿ ಹೊಳೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಆಚೆ ದಡದ ಹಸುಗಳು ಕಾಲಿಲ್ಲದೆ ತೇಲುತ್ತಿದ್ದವು. ನನಗೆ ದಿನ ಬಿಟ್ಟು ದಿನ ಚಳಿಜ್ವರ. ಇವತ್ತು ಬಿಡುವಿನ ದಿನ.

ಎಲಿಸ್ ದಕ್ಷಿಣದವರ ದಂಡಿನಲ್ಲಿದ್ದಾನೆ. ಗಂಡನ ಹೆಸರು ಬಾಯಲ್ಲಿ ಹೇಳುವುದು ನಮ್ಮ ಹೆಂಗಸರಿಗೆ ಇಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ. ಮನೆಯಲ್ಲಿ ಈಗ ನಾನು, ಟೆಂಪಿ, ಅವಳ ಗಂಡ ಅಬ್ರಾಮ್, ಅವರ ಮೂರು ವರ್ಷದ ಮಗಳು ಮಿಲಿ. ಅವರು ನಮ್ಮ ಕಪ್ಪು ಆಳುಗಳು. ಅಬ್ರಾಮ್ ಎಲಿಸನದು. ಟೆಂಪಿ ನನ್ನದು. ಎರಡು ಕುದುರೆ, ಒಂದು ಹಿತ್ತಾಳೆ ಹಂಡೆ, ನಾಲ್ಕು ಕಂಬಳಿಗಳ ಜೊತೆ ತವರಿನಿಂದ ಬಂದದ್ದು. ನಮ್ಮಲ್ಲಿ ಟೆಕ್ಸಸ್‌ನವರ ಹಾಗೆ ಚಾಟಿ ಹಿಡಿದು ಯಾರೂ ನಿಲ್ಲುವುದಿಲ್ಲ. ಒಂದೇ ಹಂಡೆಯ ಜೋಳದ ಅಂಬಲಿ ಎಲ್ಲರಿಗೂ. ನಮ್ಮ ಚೊಕ್ಟಾ ಮಾತನ್ನು ಟೆಂಪಿ ನನಗಿಂತ ಚೆನ್ನಾಗಿ ಆಡುತ್ತಾಳೆ; ಬೇರೆ ಮಾತು ಅವಳಿಗೆ ಬರುವುದೂ ಇಲ್ಲ. ಅವಳಿಗೆ ಕಷ್ಟವೆಂಬುದು ಏನಿದೆ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಅಂಗಳದಲ್ಲಿ ಅವಳು ಜೋಳ ಕುಟ್ಟುತ್ತಿದ್ದಾಳೆ. ಕೇಳುತ್ತಾ ಕೂತರೆ ನಿದ್ದೆ ಬರುತ್ತದೆ.

ಮೇ ೨೪

ಒಕ್ಲಾಬಿ ಮಾವ ಬಂದಿದ್ದರು. ನನ್ನ ತಾಯಿಯ ಅಣ್ಣ. ನಮ್ಮಲ್ಲಿ ಮಕ್ಕಳು ತಾಯಿಯ ಬಳಿಗೆ, ಅವಳ ಕುಲಕ್ಕೆ, ಸೇರಿದವರು, ಹಾಗಾಗಿ ಅಪ್ಪನಿಗಿಂತ ಸೋದರಮಾವನ ಮಾತೇ ಮೇಲು. ಮಿಸಿಸಿಪ್ಪಿಯ ಹಳೆಯ ನಾಡಿನಿಂದ ನಮ್ಮವರನ್ನು ಇಲ್ಲಿಗೆ ಅಟ್ಟಿದಾಗ ಮಾವನಿಗೆ ಇಪ್ಪತ್ತು ವರ್ಷವಂತೆ.

"ಏನ್ ಕೂಸೇ ಸಾಯ್ನಿ, ಮೂಳೆ ಎಣಿಸ್ಬೋದು ಹಂಗಾಗಿದ್ದೀಯಲ್ಲ" ಎಂದರು.

"ಜ್ವರ ಮಾವ. ಅದಿರ್ಲಿ, ಈ ಯುದ್ಧದಲ್ಲಿ ನಮ್ಗೇನು ಕೆಲ್ಸ? ನಾವ್ಯಾಕೆ ಹೋದ್ವಿ?"

ಮಾವ ಪೈಪಿಗೆ ತಂಬಾಕು ತುಂಬುತ್ತಾ ನಕ್ಕರು. "ನಮ್ಮನ್ನ ಓಡಿಸಿದ್ದು ಉತ್ತರದೋರ ಸರ್ಕಾರ. ಓಡ್ಸಿ, ಓಡ್ಸಿ ಅಂತ ಕೂಗಿದ್ದು ದಕ್ಷಿಣದ ಜನ. ಈಗ ಅವರಿಬ್ರೂ ಹೊಡೆದಾಡ್ತಾವ್ರೆ. ನಮ್ಮ ಹುಡುಗ್ರು ನಡುವೆ ನಿಂತ್ಕೊಂಡು ಇವರಂಗಿ ಹಾಕ್ಕೊಳ್ಳೋದೋ ಅವರಂಗಿ ಹಾಕ್ಕೊಳ್ಳೋದೋ ಅಂತವ್ರೆ."

"ಸುಮ್ನಿದ್ದಿದ್ರೆ ಆಗ್ತಿರ್ಲಿಲ್ವಾ?"

"ಸುಮ್ನಿರಕ್ಕೆ ಬಿಡ್ಬೇಕಲ್ಲ! ಕೆಂಪು ನದಿ ದಾಟಿದ್ರೆ ಟೆಕ್ಸಸ್ಸು. ಉತ್ತರದೋರು ಕೋಟೆ ಖಾಲಿ ಮಾಡ್ಕೊಂಡು ಹೇಳ್ದೆ ಕೇಳ್ದೆ ಹೊರಟೋದ್ರು. ದಕ್ಷಿಣದೋರು ಕಾಗದ ತಂದ್ರು, ನಿಮ್ಮ ನೆಲ ಎಂದೆಂದಿಗೂ ನಿಮ್ದೇ ಅಂತ. ಆ ಮಾತು ನಾನು ಇದಕ್ಕೆ ಮುಂಚೆ ಮೂರು ಸಲ ಕೇಳಿದ್ದೆ." ಸೌದೆ ಒಡೆಯುತ್ತಿದ್ದ ಅಬ್ರಾಮ್‌ನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಮ್ಮೋರಲ್ಲೂ ಹತ್ತಿಹೊಲ ಇರೋರು, ಆಳು ಇಟ್ಕೊಂಡೋರು, ಎಲ್ಲಾರಿಗಿಂತ ಮೊದ್ಲು ಓಡೋಗಿ ಒಪ್ಕೊಂಡು ಬಂದ್ರು."

ಅಬ್ರಾಮ್‌ಗೆ ಕೇಳಿಸಿತ್ತು. ಕೊಡಲಿ ಊರಿ ನಿಂತು, "ದೊಡ್ಡೋರೆ, ನನ್ನ ಮಾತ್ರ ಯಾರೂ ಕೇಳ್ಲಿಲ್ಲ ನೋಡಿ, ನೀನ್ಯಾವ ಕಡೆ ಅಂತ" ಎಂದ.

"ಕೇಳಿದ್ರೆ ಏನಂತಿದ್ದೆ?"

"ಹೊಳೆ ಕಡೆ ಅಂತಿದ್ದೆ. ಯಾರಪ್ಪಣೆನೂ ಇಲ್ದೆ ಹೋಗ್ತಾ ಇರೋದು ಅದೊಂದೇ."

ಎಲ್ಲರೂ ನಕ್ಕೆವು. ಟೆಂಪಿ ನಗಲಿಲ್ಲ. ಅಬ್ರಾಮ್ ಇದ್ದರೆ ಮನೆಯಲ್ಲಿ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಜುಲೈ ೯

ಅಬ್ರಾಮ್ ಓಡಿಹೋಗಿದ್ದಾನೆ.

ಬೆಳಿಗ್ಗೆ ಎದ್ದರೆ ಒಡೆದ ಸೌದೆ ಒಂದು ತಿಂಗಳಿಗಾಗುವಷ್ಟು ಒಟ್ಟಿದೆ, ಹಸುವಿನ ಮುಂದೆ ಹುಲ್ಲು ಬಿದ್ದಿದೆ, ಅವನಿಲ್ಲ. ಕುದುರೆ ಮುಟ್ಟಿಲ್ಲ. ನಡೆದೇ ಹೋಗಿದ್ದಾನೆ. ಉತ್ತರದವರು ಈಗ ಮತ್ತೆ ಹಿಡಿದಿರುವ ಕೋಟೆಗೆ ಹೋದ ಕಪ್ಪು ಗಂಡಸರಿಗೆ ನೀಲಿ ಅಂಗಿ, ಬಂದೂಕು ಎರಡೂ ಕೊಡುತ್ತಾರಂತೆ.

ಮಧ್ಯಾಹ್ನ ಕುದುರೆಯ ಮೇಲೆ ನಾಡು ಕಾಯುವ ಕಾವಲಿನವರು ಇಬ್ಬರು ಬಂದರು. ಟೆಂಪಿಯನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದರು.

"ಯಾವ ದಾರಿ ಹಿಡ್ದ?"

"ನಾನು ಮಲಗಿದ್ದೆ."

"ಗಂಡ ಎದ್ದೋಗೋದು ಹೆಂಡ್ತಿಗೆ ಗೊತ್ತಾಗಲ್ವಾ?"

"ನಿಮ್ಮ ಹೆಂಡ್ತೀರಿಗೆ ಗೊತ್ತಾಗುತ್ತೇನೋಪ್ಪ. ನನಗೆ ದಿನಾ ಕೆಲಸ ಮಾಡಿ ಸುಸ್ತು."

ಅವರಲ್ಲೊಬ್ಬ ಕೈಯೆತ್ತಿದ. ನಾನು "ಬೇಡ" ಎಂದೆ. ಅವರು ಹೋದರು. ಆಮೇಲೆ ನಾನೇ ಅವಳನ್ನು ಕೇಳಿದೆ, "ನಾವೇನು ಕಡಿಮೆ ಮಾಡಿದ್ವಿ ಟೆಂಪಿ? ಹೊಟ್ಟೆಗೆ ಬಟ್ಟೆಗೆ ಏನು ಕಡಿಮೆ ಆಗಿತ್ತು?"

"ಏನೂ ಇಲ್ಲ ಅಮ್ಮೋರೆ" ಎಂದಳು.

ನನಗೆ ತುಂಬ ಬೇಸರವಾಗಿದೆ. ಹೇಳಿಯಾದರೂ ಹೋಗಬಹುದಿತ್ತು. ಹೇಳಿದ್ದರೆ ನಾನೇನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಜುಲೈ ೧೨

ಜ್ವರ. ಕಣ್ಣು ಮುಚ್ಚಿದರೆ ಹೊಳೆಯ ತಳದಲ್ಲಿ ಯಾರೋ ಜೋಳ ಕುಟ್ಟುತ್ತಾರೆ. ಮೀನುಗಳು ಕಾಳು ಹೆಕ್ಕುತ್ತವೆ. ನೀರೊಳಗೆ ಧೂಳು ಏಳುತ್ತದೆ. ಎಚ್ಚರವಾದಾಗ ಟೆಂಪಿ ಹಣೆಗೆ ಬಟ್ಟೆ ಹಾಕುತ್ತಿದ್ದಳು. ಅಳುತ್ತಿದ್ದಳೋ, ಬಟ್ಟೆಯ ನೀರೋ.

ಸೆಪ್ಟೆಂಬರ್ ೨೦

ಉಪ್ಪು ಸಿಗುವುದೇ ಇಲ್ಲ. ಮಾಂಸಕ್ಕೆ ಉಪ್ಪು ಸವರಿ ಹೊಗೆ ಹಾಕುವ ಕೋಣೆಯ ನೆಲ ಅಗೆದು, ಆ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಕುದಿಸಿದೆವು. ಮೂರು ದಿನದ ಕೆಲಸಕ್ಕೆ ಒಂದು ಬೊಗಸೆ ಕಂದು ಉಪ್ಪು. ನಾನು ಅಗೆದೆ, ಟೆಂಪಿ ಸೋಸಿದಳು. ಅಂಗೈಯಲ್ಲಿ ಬೊಕ್ಕೆ ಎದ್ದಿದೆ.

ಉತ್ತರದ ದಾರಿ ತುಂಬ ನಿರಾಶ್ರಿತರು. ನೆರೆನಾಡಿನ ಚೆರೋಕಿಗಳು, ಕ್ರೀಕರು, ಮಂಚ ಕೋಳಿ ಎಲ್ಲ ಹೊತ್ತುಕೊಂಡು ನಮ್ಮ ನಾಡಿಗೆ ಬರುತ್ತಿದ್ದಾರೆ. ನೀಲಿ ಅಂಗಿಯವರು ಗೆಲ್ಲುತ್ತಿದ್ದಾರಂತೆ. ನಮ್ಮ ದಂಡು ಸೋತು ಹಿಂದೆ ಸರಿಯಿತಂತೆ. ಎಲಿಸನಿಂದ ಒಂದು ಸುದ್ದಿಯೂ ಇಲ್ಲ.

ಸಂಜೆ ಕಾಡಂಚಿನಲ್ಲಿ ನರಿಯೊಂದು ಕೂಗಿತು. ನಾವಿಬ್ಬರೂ ಕೈಕೆಲಸ ನಿಲ್ಲಿಸಿ ಕಿವಿಗೊಟ್ಟೆವು. ಮನುಷ್ಯನಿಗೆ ಎರಡು ನೆರಳು, ಒಳನೆರಳೊಂದು, ಹೊರನೆರಳೊಂದು. ಸತ್ತ ಮೇಲೆ ಒಳಗಿನದು ತನ್ನ ದೇಶಕ್ಕೆ ಹೋಗುತ್ತದೆ, ಹೊರಗಿನದು ಇಲ್ಲೇ ಮನೆಯ ಸುತ್ತ ನರಿಯ ಹಾಗೆ ಕೂಗಿಕೊಂಡು ಅಲೆಯುತ್ತದೆ. ನಿಜವಾದ ನರಿಯಾದರೆ ಇನ್ನೊಂದು ನರಿ ಓಗೊಡುತ್ತದೆ. ನೆರಳು ಕೂಗಿದರೆ ಓಗೊಡುವವರಿಲ್ಲ.

ತುಂಬ ಹೊತ್ತಾದ ಮೇಲೆ ದೂರದಲ್ಲಿ ಇನ್ನೊಂದು ನರಿ ಕೂಗಿತು. "ನರಿನೇ ಅಮ್ಮೋರೆ, ನರಿನೇ" ಎಂದು ಟೆಂಪಿ ಉಸಿರು ಬಿಟ್ಟಳು. ನಾನೂ ಬಿಟ್ಟೆ. ಇಬ್ಬರ ಗಂಡಂದಿರೂ ಹೊರಗಿದ್ದಾರಲ್ಲ.

ಅವರು ಒಬ್ಬರಿಗೊಬ್ಬರು ಎದುರಾದರೆ?

೧೮೬೪, ಫೆಬ್ರವರಿ ೩

ಹಿಮ. ಜೋಳ ಕಡಿಮೆ. ಮೂವರೂ ಒಂದೇ ಕಂಬಳಿಯಲ್ಲಿ.

ಮೇ ೬

ಎಲಿಸ್ ಬಂದ. ನಾನು ಗುರುತು ಹಿಡಿಯಲಿಲ್ಲ; ನಾಯಿ ಹಿಡಿಯಿತು.

ಅರ್ಕಾನ್ಸಾದ ಕಡೆ ದೊಡ್ಡ ಜಯವಂತೆ. ಹೆಗಲಿಗೆ ಗುಂಡು ತಾಗಿದ್ದರಿಂದ ರಜೆ ಕೊಟ್ಟು ಕಳಿಸಿದ್ದಾರೆ. ಕುದುರೆಯ ಮೇಲೆ ಜೋಳದ ಎರಡು ಚೀಲ, ಒಳ್ಳೆಯ ಬೂಟು, ಒಂದು ನೀಲಿ ಕೋಟು. ಜೋಳ ಕಂಡು ಮಿಲಿ ಕುಣಿದಳು. ಕೋಟನ್ನು ಒಗೆಯಲು ಟೆಂಪಿಯ ಕೈಗೆ ಕೊಟ್ಟೆ. ಅವಳು ಅದನ್ನು ಹರಡಿ, ತೋಳು, ಕಾಲರು, ಹೊಲಿಗೆ ಎಲ್ಲ ನೋಡಿದಳು. ಆಮೇಲೆ, "ಇದು ಅವನದಲ್ಲ. ಅವನ ತೋಳು ಇದಕ್ಕಿಂತ ಉದ್ದ" ಎಂದು ಒಗೆಯಲು ಕೂತಳು.

ನನಗೆ ಹೊಳೆದೇ ಇರಲಿಲ್ಲ. ಸುಮ್ಮನೆ ಕೊಳೆಯಾಗಿದೆಯೆಂದು ಕೊಟ್ಟಿದ್ದೆ.

ಎಲಿಸ್ ಮಾತಾಡುವುದಿಲ್ಲ. ಊಟಕ್ಕೆ ಕೂತರೆ ನೀರು ಕುಡಿಯುವುದಿಲ್ಲ. ಹೊಳೆಯ ಹತ್ತಿರ ಹೋಗಿ ನಿಲ್ಲುತ್ತಾನೆ, ಸೋರೆಬುರುಡೆ ಅದ್ದುತ್ತಾನೆ, ಬಾಯಿಗೆ ತರುತ್ತಾನೆ, ಮತ್ತೆ ಹೊಳೆಗೇ ಸುರಿಯುತ್ತಾನೆ. ತುಟಿ ಒಡೆದು ರಕ್ತ ಬರುತ್ತಿದೆ.

ಜೂನ್ ೨

ಮಧ್ಯಾಹ್ನ ಪೀಚ್ ಮರದ ನೆರಳಲ್ಲಿ ಕೂತಿದ್ದೆವು. ನಾನೇನೂ ಕೇಳಿರಲಿಲ್ಲ. ಎಲಿಸ್ ತಾನಾಗಿ ಹೇಳತೊಡಗಿದ.

"ಪೈನ್ ಕಾಡು. ಒಂದು ಬುಗ್ಗೆ ಹತ್ರ ಜೋಳದ ಗಾಡಿಗಳು ಸಾಲಾಗಿ ಬರ್ತಿದ್ವು. ಕಾವಲಿಗೆ ಇದ್ದೋರು ಕಪ್ಪು ಸಿಪಾಯಿಗಳು. ಚೆನ್ನಾಗೇ ಕಾದಿದ್ರು. ಎರಡು ಸಲ ನಮ್ಮನ್ನ ಹಿಂದಕ್ಕೆ ತಳ್ಳಿದ್ರು. ಆಮೇಲೆ ಅವರ ಸಾಲು ಮುರೀತು."

ಮರಕ್ಕೆ ಬೆನ್ನು ಕೊಟ್ಟು ಮುಂದುವರಿಸಿದ.

"ಅವರು ಓಡಿದ್ಮೇಲೆ ನಾವು ಹುಲ್ಲಲ್ಲಿ ನಡೀತಾ ಹೋದ್ವಿ. ಗಾಯ ಆಗಿ ಬಿದ್ದಿದ್ರಲ್ಲ, ಅವರನ್ನ ಯಾರೂ ಉಳಿಸ್ಲಿಲ್ಲ. ಟೆಕ್ಸಸ್ಸಿನೋರು, ನಮ್ಮೋರು, ಎಲ್ರೂ ಸೇರ್ಕೊಂಡೇ."

"ನೀವೂ?"

 ಒಂದು ಹಸಿ ಪೀಚು ಕಿತ್ತು ಕೈಯಲ್ಲಿ ತಿರುಗಿಸುತ್ತಿದ್ದ.

"ಒಬ್ಬ 'ಓಕ, ಓಕ' ಅಂದ. ಎಲ್ರೂ ಇಂಗ್ಲಿಷಲ್ಲಿ ಕೂಗ್ತಿದ್ರೆ ಇವನೊಬ್ಬ ನಮ್ಮ ಮಾತಲ್ಲಿ ನೀರು ಕೇಳ್ದ."

"ಯಾರವ್ನು?"

"ಮುಖ ನೋಡ್ಲಿಲ್ಲ. ಕವುಚಿ ಬಿದ್ದಿದ್ದ. ನಾನು ನಡೆದ್ಬಿಟ್ಟೆ. ನನ್ನ ಸೊಂಟದಲ್ಲಿ ಬುರುಡೆ ತುಂಬ ನೀರಿತ್ತು, ನಡೆದ್ರೆ ಕುಳುಕುಳು ಅಂತಿತ್ತು. ಹಿಂದೆ ಬರ್ತಿದ್ದೋರು ಅವನ ಹತ್ರ ನಿಂತ್ರು. ಆಮೇಲೆ ದನಿ ಇಲ್ಲ."

ಅಂಗಳದಲ್ಲಿ ಒನಕೆಯ ಸದ್ದು ನಿಂತಿತು. ಟೆಂಪಿ ಕಾಳು ಕೇರಲು ನಿಲ್ಲಿಸಿದ್ದು ಅಷ್ಟೇ. ಮತ್ತೆ ಶುರುವಾಯಿತು.

ಜೂನ್ ೩

ಟೆಂಪಿಗೆ ಹೇಳಲಿಲ್ಲ. ಹೇಳುವುದಕ್ಕೆ ಏನಿದೆ? ಈ ನಾಡಿನಿಂದ ಹೋದ ಕಪ್ಪು ಗಂಡಸರು ಎಷ್ಟೋ ಮಂದಿ. ಎಲ್ಲರಿಗೂ ನಮ್ಮ ಮಾತು ಬರುತ್ತದೆ.

ಅವಳ ಜೊತೆ ನಾನೂ ಒನಕೆ ಹಿಡಿದೆ. ಅವಳದು ಏಳುವಾಗ ನನ್ನದು ಇಳಿಯಬೇಕು. ಮೊದಲು ಎರಡು ಸಲ ತಾಗಿತು, ಆಮೇಲೆ ಹದಕ್ಕೆ ಬಂತು.

ಅಕ್ಟೋಬರ್ ೧೫

ಎಲಿಸ್‌ಗೆ ಮತ್ತೆ ದಂಡಿಗೆ ಕರೆ ಬಂದಿದೆ. ಹೋಗುವ ಮುಂಚೆ ಟೆಂಪಿಯನ್ನೂ ಮಗುವನ್ನೂ ಕೆಂಪು ನದಿ ದಾಟಿಸಿ ಟೆಕ್ಸಸ್‌ನ ಒಬ್ಬ ಹತ್ತಿ ರೈತನ ಹತ್ತಿರ ಬಿಡುತ್ತೇನೆ ಎಂದ. ಸುತ್ತಮುತ್ತಲಿನ ಎಲ್ಲರೂ ಹಾಗೇ ಮಾಡುತ್ತಿದ್ದಾರೆ. ನೀಲಿ ಅಂಗಿಯವರು ಬಂದರೆ ಆಳುಗಳು ಕೈತಪ್ಪಿ ಹೋಗುತ್ತವೆ ಎಂದು.

"ಬೇಡ" ಎಂದೆ.

"ನಿನಗೇನು ಗೊತ್ತಾಗುತ್ತೆ? ನಾಳೆ ಅವಳೂ ಓಡಿಹೋಗ್ತಾಳೆ."

"ಹೋದ್ರೆ ಹೋಗ್ತಾಳೆ. ಟೆಂಪಿ ನನ್ನದು. ನನ್ನ ತವರಿಂದ ಬಂದದ್ದು, ನನ್ನದು. ಹೆಂಡ್ತಿ ಸೊತ್ತು ಗಂಡ ಮುಟ್ಟೋ ಹಾಗಿಲ್ಲ ಅಂತ ನಮ್ಮ ಕಾನೂನೇ ಇದೆ. ಬೇಕಿದ್ರೆ ಮಾವನ್ನ ಕರೆಸ್ತೀನಿ."

ಮದುವೆಯಾದ ಎಂಟು ವರ್ಷದಲ್ಲಿ ಅವನ ಎದುರು ನಾನು ದನಿ ಎತ್ತಿದ್ದು ಇದೇ ಮೊದಲು. ಅವನು ದಿಟ್ಟಿಸಿ ನೋಡಿ, ಕುದುರೆಗೆ ತಡಿ ಹಾಕಲು ಹೋದ.

ಟೆಂಪಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಏನಾದರೂ ಅಂದಾಳು ಎಂದು ಕಾದೆ. ನಾನೇ, "ಹೆದರ್ಬೇಡ, ನಿನ್ನ ಎಲ್ಲಿಗೂ ಕಳಿಸಲ್ಲ" ಎಂದೆ.

"ಕೇಳಿಸ್ತು ಅಮ್ಮೋರೆ" ಎಂದಳು. "ನನ್ನದು, ನನ್ನದು ಅಂತ ಎರಡು ಸಲ ಅಂದ್ರಿ."

"ಅದನ್ನ ಅಂದಿದ್ದಕ್ಕೇ ನೀನು ಉಳಿದಿದ್ದು!"

"ಹೂಂ" ಎಂದು ಮಗುವನ್ನು ಎತ್ತಿಕೊಂಡು ಹೊಳೆಯ ಕಡೆ ಹೋದಳು.

ಕೃತಜ್ಞತೆ ಎಂಬುದೇ ಇಲ್ಲ ಎಂದು ಬರೆಯಲು ಕೂತೆ. ಬರೆದ ಮೇಲೆ ನೋಡಿದರೆ ಆ ಮಾತು ಬೇರೆ ಯಾರೋ ಬರೆದ ಹಾಗಿದೆ.

೧೮೬೫, ಜನವರಿ ೨೨

ಮಧ್ಯಾಹ್ನ ಚಳಿ ಬಂದು ಮಲಗಿದ್ದಾಗ ಕನಸು. ಬಯಲಿನಲ್ಲಿ ಹುಲ್ಲು, ಹುಲ್ಲಿನ ತುಂಬ ನೆರಳುಗಳು, ಮನುಷ್ಯರಿಲ್ಲ. ನಾನು ಬುರುಡೆ ಹಿಡಿದು ಒಂದೊಂದು ನೆರಳಿನ ಹತ್ತಿರ ಬಗ್ಗುತ್ತೇನೆ. ಬುರುಡೆಯಲ್ಲಿ ಜೋಳದ ಹಿಟ್ಟು ತುಂಬಿದೆ. ಎಚ್ಚರವಾದ ಮೇಲೂ ತುಂಬ ಹೊತ್ತು ಯಾವುದು ಗೋಡೆ, ಯಾವುದು ಹುಲ್ಲು ತಿಳಿಯಲಿಲ್ಲ.

"ಏನೋ ಹೇಳ್ತಿದ್ರಿ ನಿದ್ದೇಲಿ" ಎಂದಳು ಟೆಂಪಿ.

"ಏನಂದೆ?"

"ತಿಳೀಲಿಲ್ಲ." ಹಾಗೆಂದು ನನ್ನನ್ನೇ ನೋಡುತ್ತಾ ಕೂತಳು.

ಜುಲೈ ೮

ಯುದ್ಧ ಮುಗಿಯಿತು. ನಮ್ಮ ಮುಖಂಡರು ಕಳೆದ ತಿಂಗಳು ಶರಣಾದರಂತೆ. ಎಲಿಸ್ ಮನೆಗೆ ಬಂದಿದ್ದಾನೆ. ಕಪ್ಪು ಜನಕ್ಕೆ ಬಿಡುಗಡೆಯಾಯಿತು ಎಂದು ಕೆಲವರು, ನಮ್ಮ ನಾಡಿಗೆ ಆ ಮಾತು ಅನ್ವಯಿಸುವುದಿಲ್ಲ ಎಂದು ಕೆಲವರು. ಹೊಸ ಒಪ್ಪಂದ ಆಗಬೇಕಂತೆ. ಮತ್ತೊಂದು ಕಾಗದ.

ಹೊಳೆ ದಾಟುವ ಕಡೆಯಲ್ಲಿ ಟೆಂಪಿ ದಿನವೂ ಹೋಗಿ ಕೂರುತ್ತಾಳೆ. ನೀಲಿ ಅಂಗಿಯವರು ಒಬ್ಬಿಬ್ಬರಾಗಿ ತಮ್ಮವರನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಬಟ್ಟಲು ಅಂಬಲಿ ಕೊಟ್ಟು ಕೇಳುತ್ತಾಳೆ, ಕಿಯಾಮಿಷಿಯ ಅಬ್ರಾಮ್ ಗೊತ್ತಾ, ಎತ್ತರದವನು, ನಗಿಸುತ್ತಾನೆ. ಇವತ್ತು ಒಬ್ಬ, "ಗೊತ್ತಿದ್ದ ತಾಯಿ, ನಮ್ಮ ಪಟಾಲಮಲ್ಲೇ ಇದ್ದ. ಆ ಬುಗ್ಗೆ ಜಗಳ ಆದ್ಮೇಲೆ ನೋಡ್ಲಿಲ್ಲ" ಎಂದನಂತೆ. ನೋಡಲಿಲ್ಲ ಅಂದರೆ ಎಲ್ಲಾದರೂ ಇರಬಹುದು ಎಂದು ಅವಳ ಲೆಕ್ಕ. ದಿನವೂ ಅವನಿಗಾಗಿ ಒಂದು ಬಟ್ಟಲು ತೆಗೆದಿಡುತ್ತಾಳೆ.

ಇವತ್ತು ಅಂಬಲಿ ಕಾಯಿಸಿ ದಡಕ್ಕೆ ಹೊತ್ತುಕೊಂಡು ಹೋದವಳು ನಾನು. ಅವಳಿಗೆ ಕಾಲು ನೋವು.

ಸೆಪ್ಟೆಂಬರ್ ೩೦

ಹೇಳಿಬಿಟ್ಟೆ.

ಬಟ್ಟಲು ತೆಗೆದಿಡುತ್ತಿದ್ದಳು. ಕೈ ಹಿಡಿದುಕೊಂಡು, "ಇಡ್ಬೇಡ ಟೆಂಪಿ" ಎಂದೆ. ಎಲಿಸ್ ಹೇಳಿದ್ದೆಲ್ಲ ಹೇಳಿದೆ. ಪೈನ್ ಕಾಡು, ಹುಲ್ಲು, ನೀರು ಕೇಳಿದವನು. ಒಂದು ವರ್ಷ ನಾಲ್ಕು ತಿಂಗಳಿಂದ ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ.

ಅವಳು ಅಳಲಿಲ್ಲ. "ನಮ್ಮ ಮಾತಲ್ಲೇನಾ ಕೇಳಿದ್ದು?" ಎಂದಳು.

"ಹೂಂ."

"ಅವನಿಗೆ ಬೇರೆ ಮಾತು ಎಲ್ಲಿ ಬರ್ತಿತ್ತು" ಎಂದು ಎದ್ದಳು.

ಎಲಿಸ್ ಬೇಲಿ ಕಟ್ಟುತ್ತಿದ್ದ. ಅವನ ಎದುರು ಹೋಗಿ ನಿಂತಳು. ನಾನು ಹಿಂದೆ ನಿಂತೆ.

"ಧಣಿ, ಅವನ ಮುಖ ನೋಡಿದ್ರಾ?"

ಎಲಿಸ್ ನನ್ನ ಕಡೆ ನೋಡಿದ. ಹಗ್ಗ ಕೆಳಗೆ ಹಾಕಿದ. "ಇಲ್ಲ."

"ದನಿ ಕೇಳಿಸ್ತಲ್ಲ?"

"ಹೂಂ."

"ಯಾರ ದನಿ ಅಂತ ಗೊತ್ತಾಯ್ತಾ?"

ಗಾಳಿಯಿರಲಿಲ್ಲ. ಜೋಳದ ಗರಿಯೂ ಅಲುಗುತ್ತಿರಲಿಲ್ಲ. ಇದು ಇನ್ನೊಂದು ಜ್ವರದ ಮಧ್ಯಾಹ್ನ, ಈಗ ಎಚ್ಚರವಾಗುತ್ತದೆ ಎಂದುಕೊಂಡೆ.

"ಗೊತ್ತಾಯ್ತು" ಎಂದ ಎಲಿಸ್. "ಮೊದಲನೇ ಸಲ ಕರೆದಾಗ್ಲೇ ಗೊತ್ತಾಯ್ತು. ಅದಕ್ಕೇ ಮುಖ ನೋಡ್ಲಿಲ್ಲ."

ನನಗೆ ಅವನು ಹೇಳಿದ್ದು ಅರ್ಧ ಮಾತ್ರ.

ಕೆಳಗೆ ಬಿದ್ದ ಹಗ್ಗವನ್ನು ಟೆಂಪಿ ಎತ್ತಿ ಬೇಲಿಯ ಮೇಲೆ ಹಾಕಿದಳು. ಆಮೇಲೆ, "ಆ ಜಾಗ ತೋರ್ಸು" ಎಂದಳು.

"ಅಷ್ಟು ದೂರ ಹೋಗಿ ಏನ್ ಮಾಡ್ತೀಯ? ಅಲ್ಲೇನೂ ಉಳಿದಿರಲ್ಲ."

"ತೋರ್ಸು ಅಂದೆ ಎಲಿಸ್."

ಅಕ್ಟೋಬರ್ ೧೪

ಹೋಗಿ ಎಂಟು ದಿನವಾಯಿತು. ಗಾಡಿ ಹೊಡೆಯಲು ಒಕ್ಲಾಬಿ ಮಾವನನ್ನು ಕಳಿಸಿದ್ದೇನೆ. ಅವರಿಬ್ಬರನ್ನೇ ಕಳಿಸಲು ಧೈರ್ಯವಾಗಲಿಲ್ಲ. ಯಾರಿಗೆ ಯಾರಿಂದ ಏನಾದೀತೆಂದು ಹೆದರಿದೆನೋ ಹೇಳಲಾರೆ.

ಮಿಲಿ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ಬೆಳಿಗ್ಗೆ ಹೊಳೆಯ ಮೇಲಿನ ಮಂಜು ನೋಡಿ, "ಹೊಳೆಗೆ ಹೊದಿಕೆ ಹಾಕಿದ್ದು ಯಾರು?" ಎಂದಳು. ಅಬ್ರಾಮ್‌ನ ಮಗಳೇ ಸರಿ.

ನವೆಂಬರ್ ೧

ನಿನ್ನೆ ಬಂದರು. ಟೆಂಪಿ ಮಗುವನ್ನು ಅಪ್ಪಿಕೊಂಡು ತನ್ನ ಗುಡಿಸಲಿಗೆ ಹೋದಳು. ಎಲಿಸ್ ಗಾಡಿಯಿಂದ ಇಳಿದು, ಎತ್ತು ಬಿಚ್ಚಿ, ಅವುಗಳ ಪಕ್ಕವೇ ನೆಲದ ಮೇಲೆ ಕೂತುಬಿಟ್ಟ. ಹೇಳಿದವರು ಮಾವ.

"ಸತ್ತೋರನ್ನೆಲ್ಲಾ ಒಂದೇ ಕಂದಕದಲ್ಲಿ ಹಾಕಿ ಮಣ್ಣೆಳೆದವ್ರೆ ಕೂಸೇ. ಯಾರ ಮೂಳೆ ಯಾರದು? ಮೇಲೆ ಹುಲ್ಲು ಆಳೆತ್ತರ ಬೆಳೆದದೆ. ನಿನ್ನ ಗಂಡ ಅತ್ತ ನಡೆದ, ಇತ್ತ ನಡೆದ, ಒಂದು ಕಡೆ ನಿಂತ. ಇಲ್ಲಿ ಅಂದ. ಅವಳು ಕೇಳಿದ್ಲು, ಹೆಂಗೆ ಬಿದ್ದಿದ್ದ? ಇವನು ಬಾಯಲ್ಲಿ ಹೇಳಕ್ಕೆ ಹೋದ. ಬಾಯಲ್ಲಿ ಬೇಡ, ಮಲಕ್ಕೊಂಡು ತೋರ್ಸು ಅಂದ್ಲು."

"ಮಲಗಿದ್ರಾ?"

"ಮಲಗ್ದ. ಕವುಚ್ಕೊಂಡು, ಒಂದು ಕೈ ಮುಂದೆ ಚಾಚಿ. ಅವಳು ಹಿಂದಕ್ಕೋಗಿ, ಇವನು ಅವತ್ತು ನಡ್ಕೊಂಡು ಬಂದ ಕಡೆಯಿಂದ ನಡ್ಕೊಂಡು ಬಂದ್ಲು. ಹತ್ರ ಬಂದು, ಅವನು ಅಂದಿದ್ದನ್ನ ಅನ್ನು ಅಂದ್ಲು. ಇವನ ಬಾಯಿಂದ ಹೊರಡಲ್ಲ. ಹೊತ್ತು ಹೋಗ್ತಾ ಅದೆ. ಅವಳು ಅಲ್ಲಾಡ್ಲಿಲ್ಲ. ಕೊನೆಗೆ ಅಂದ, ಓಕ ಅಂತ. ಎರಡು ಸಲ ಅಂದ." ಮಾವ ಪೈಪು ತಟ್ಟಿದರು, ಅದರಲ್ಲಿ ಬೂದಿಯೇ ಇರಲಿಲ್ಲ. "ನಾನು ಗಾಡಿ ಹತ್ರ ನಿಂತಿದ್ದೆ. ನ್ಯಾಯವಾಗಿ ನಾನು ನೋಡ್ಬಾರ್ದಿತ್ತು. ಅವಳ ಸೊಂಟದಲ್ಲಿ ಕುಡುಗೋಲಿತ್ತು ಕೂಸೇ, ದಾರಿ ಸವರಕ್ಕೆ ಅಂತ ತಂದಿದ್ಲು. ನಾನು ಬೇಡ ಅಂತಲೂ ಅನ್ಲಿಲ್ಲ."

"ಆಮೇಲೆ?"

"ಆಮೇಲೇನು. ಏಳು, ಹೊತ್ತಾಯ್ತು ಅಂದ್ಲು. ಎದ್ದ. ಬಂದ್ವಿ. ದಾರಿ ಹನ್ನೆರಡು ದಿನದ್ದು. ಪೈನ್ ಮರಗಳು ಚೆನ್ನಾಗವೆ ಅಂತ ಒಂದ್ಸಲ ಅಂದ್ಲು, ಅಷ್ಟೇ."

ಇವತ್ತು ಟೆಂಪಿ ಹೊಳೆಯ ಆಚೆ ದಡದಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಕಂಬಳಿ ಹೊದ್ದು ಕೂತು ಅತ್ತಳು, ನಮ್ಮವರು ಸತ್ತವರಿಗೆ ಅಳುವ ಹಾಗೆ, ದನಿ ಎತ್ತಿ. ಮಧ್ಯಾಹ್ನ ಮತ್ತೆ. ಸಂಜೆ ಮತ್ತೆ. ನೆಂಟರಲ್ಲದವರು ಆ ಅಳುವಿಗೆ ಕೂರಬಾರದು. ಸಂಜೆ ನಾನೂ ಕಂಬಳಿ ತೆಗೆದುಕೊಂಡು ಹೋದೆ. ಅವಳು ಹೋಗು ಎನ್ನಲಿಲ್ಲ. ಸರಿದು ಜಾಗವನ್ನೂ ಕೊಡಲಿಲ್ಲ. ಒದ್ದೆ ಮಣ್ಣಿನ ಮೇಲೆ ಕೂತು ಅತ್ತೆ.

ನವೆಂಬರ್ ೨೮

ಆ ಆಚೆ ದಡದಲ್ಲೇ ಟೆಂಪಿ ಮನೆ ಕಟ್ಟುತ್ತಿದ್ದಾಳೆ. ನೆಲ ನಾಡಿನದು, ಯಾರು ಉತ್ತರೆ ಅವರದು. ಕಪ್ಪು ಜನಕ್ಕೂ ಹಾಗೆಯೇ ಎಂದು ಯಾರೂ ಹೇಳಿಲ್ಲ. ಅವಳು ಯಾರನ್ನೂ ಕೇಳಿಲ್ಲ. ಎಲಿಸ್ ದಿನವೂ ಬೆಳಿಗ್ಗೆ ಒಂದೊಂದು ತೊಲೆ ಎಳೆದು ತಂದು ಈ ದಡದಲ್ಲಿ ಇಟ್ಟು ಬರುತ್ತಾನೆ. ದಾಟಿ ಹೋಗುವುದಿಲ್ಲ. ಅವಳು ಸಂಜೆ ಬಂದು ಎಳೆದುಕೊಂಡು ಹೋಗುತ್ತಾಳೆ.

೧೮೬೬, ಅಕ್ಟೋಬರ್ ೧೯

ಹೊಸ ಒಪ್ಪಂದ ಆಗಿದೆ. ಬಿಡುಗಡೆಯೂ ಆಗಿದೆ. ಇಲ್ಲಿ ಇರುವವರು ಯಾರು, ನಾಡು ಬಿಟ್ಟು ಹೋಗುವವರು ಯಾರು ಎಂದು ಬರೆದುಕೊಳ್ಳಲು ಉತ್ತರದವರ ಒಬ್ಬ ಅಧಿಕಾರಿ ಬಂದಿದ್ದ. ಚೊಕ್ಟಾ ಬರದು. ಅವನ ದುಭಾಷಿ ಜ್ವರ ಬಂದು ಹಿಂದಿನ ಊರಿನಲ್ಲೇ ಉಳಿದಿದ್ದ. ಎರಡೂ ಮಾತು ಬರೆಯಬಲ್ಲವರು ಹತ್ತಿರದಲ್ಲಿ ನಾನೊಬ್ಬಳೇ. ಮರದಡಿ ಒಂದು ಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡು ಕೂತೆ.

ಟೆಂಪಿ ಮಿಲಿಯ ಕೈಹಿಡಿದು ಬಂದಳು. ಇರುತ್ತಾಳೋ ಹೋಗುತ್ತಾಳೋ ಎಂದು ಅಧಿಕಾರಿ ಕೇಳಿದ.

"ಇರ್ತೀನಿ ಅನ್ನು" ಎಂದಳು. "ನನ್ನ ಜನ ಇಲ್ಲಿ ಮಣ್ಣಾಗಿದ್ದಾರೆ. ನಾನು ಎಲ್ಲಿಗೆ ಹೋಗ್ಲಿ?"

ಅಧಿಕಾರಿ, ಯಾರ ಟೆಂಪಿ ಎಂದು ಬರೆಯಬೇಕು ಎಂದ. ಒಂದೇ ಹೆಸರಿನವರು ತುಂಬ ಮಂದಿ ಇದ್ದಾರಂತೆ. ಎಲ್ಲರಿಗೂ ಹಳೆಯ ಧಣಿಗಳ ಹೆಸರನ್ನೇ ಸೇರಿಸುತ್ತಾ ಬಂದಿದ್ದ. ನನಗೆ ಅದಕ್ಕಿಂತ ಒಳ್ಳೆಯದೊಂದು ತೋಚಿತು. ನಾಳೆ ಯಾರಾದರೂ ಅವಳನ್ನು ಆ ದಡದಿಂದ ಎಬ್ಬಿಸಲು ಬಂದರೆ ಬೆನ್ನಿಗೆ ಜನ ಬೇಕಲ್ಲ.

"ನಮ್ಮ ಬಳಿಯವಳು ಅಂತ ಬರೀತೀನಿ ಟೆಂಪಿ. ಮಾವನೂ ಬೇಡ ಅನ್ನಲ್ಲ. ಅಕ್ಕತಂಗಿ ಆಗ್ತೀವಿ" ಎಂದೆ.

ಅವಳು ನಕ್ಕಳು. ಅವಳು ನಕ್ಕದ್ದು ಕಂಡು ಎಷ್ಟು ಕಾಲವಾಗಿತ್ತೋ.

"ಬಳಿ ತಾಯಿಯಿಂದ ತಾನೇ ಬರೋದು ಸಾಯ್ನಿ? ನನಗೂ ಒಬ್ಬಳು ತಾಯಿ ಇದ್ಲು. ಬರಕೋ. ಡಾರ್ಕಸ್‌ನ ಮಗಳು ಟೆಂಪಿ."

"ಯಾವ ಡಾರ್ಕಸ್?"

"ನಿಮ್ಮ ಒಲೆಯವಳು."

ತವರುಮನೆಯಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು. ಹಳೆಯ ನಾಡಿನಿಂದ ಇಲ್ಲಿಯವರೆಗೂ ನಮ್ಮ ಅಜ್ಜಿಯ ಹಿಂದೆ ನಡೆದು ಬಂದವಳು. ನನ್ನ ಬಾಯಿಗೆ ಮೊದಲ ತುತ್ತು ಇಟ್ಟವಳು ಅವಳಂತೆ. ನಾನು ಹನ್ನೆರಡು ವರ್ಷದವಳಾಗುವವರೆಗೂ ದಿನವೂ ಅವಳ ಕೈಯಿಂದ ಉಂಡಿದ್ದೇನೆ. ಎಲ್ಲರೂ 'ಒಲೆಯವಳೇ' ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವಳು ಸತ್ತಾಗ ಅತ್ತೂ ಇದ್ದೆ, ಆ ಹೆಸರನ್ನೇ ಹೇಳಿಕೊಂಡು.

ಹೇಗೆ ಬರೆಯಬೇಕು ಎಂದು ಟೆಂಪಿಯನ್ನು ಕೇಳಿದೆ. ಅವಳಿಗೆ ಅಕ್ಷರ ಬರುವುದಿಲ್ಲ. ಆಳುಗಳಿಗೆ ಕಲಿಸಬಾರದೆಂದು ನಮ್ಮಲ್ಲಿ ಕಟ್ಟಳೆಯಿತ್ತು. ಇನ್ನೊಮ್ಮೆ ನಿಧಾನವಾಗಿ ಹೇಳಿದಳು. ಕಿವಿಗೆ ಬಿದ್ದ ಹಾಗೆ ಬರೆದೆ. ಡಾರ್ಕಸ್‌ನ ಮಗಳು, ಅಬ್ರಾಮ್‌ನ ಹೆಂಡತಿ, ಮಿಲಿಯ ತಾಯಿ ಟೆಂಪಿ. ಸಾಲು ಉದ್ದವಾಯಿತೆಂದು ಅಧಿಕಾರಿ ಗೊಣಗಿದ. ನಾನು ಹೊಡೆದು ಹಾಕಲಿಲ್ಲ.

ಟೆಂಪಿ ಕಾಗದದ ಮೇಲೆ ಬಗ್ಗಿದಳು. "ಇದ್ರಲ್ಲಿ ನಮ್ಮವ್ವ ಯಾವ್ದು?"

ಬೆರಳಿಟ್ಟು ತೋರಿಸಿದೆ. ಅವಳು ನನ್ನ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮಿಲಿಯನ್ನು ಎತ್ತಿಕೊಂಡು, "ನೋಡು, ನಿಮ್ಮಜ್ಜಿ ಇಲ್ಲವ್ಳೆ" ಎಂದಳು.